ಮೇರಿ ಕ್ಯೂರಿ: ವಿಜ್ಞಾನಿ ಮತ್ತು ತಾಯಿ

ರೇಡಿಯಂ ಎಂದೊಡನೆ ಮೇರಿ ಕ್ಯೂರಿಯವರ ಹೆಸರು ನೆನಪಾಗುತ್ತದೆ. 1903ರಲ್ಲಿ ಭೌತಶಾಸ್ತ್ರಕ್ಕೆ, 1911ರಲ್ಲಿ ರಸಾಯನಶಾಸ್ತ್ರಕ್ಕೆ, ಹೀಗೆ ಎರಡು ಬಾರಿ ನೊಬೆಲ್ ಪಡೆದವರು ಅವರು. ಕ್ಯಾನ್ಸರ್ ಗೆಡ್ಡೆಗಳಿಗೆ ವಿಕಿರಣ ಚಿಕಿತ್ಸೆ ಕೊಡಲು ವೈದ್ಯರ ಕೈಗೆ ಸಿಕ್ಕ ಮೊದಲ ಸಾಧನಗಳಲ್ಲಿ ಅವರ ರೇಡಿಯಂ ಒಂದು. ಇಷ್ಟನ್ನು ಶಾಲೆಯ ಪಾಠಗಳಲ್ಲಿ ಓದುತ್ತೇವೆ. ಆದರೆ ರೇಡಿಯಂ ಹುಡುಕುತ್ತಿದ್ದಾಗ ಅವರ ಮನೆಯಲ್ಲಿ ತೊಟ್ಟಿಲ ಕೂಸಿತ್ತು. ಆ ಮಗುವನ್ನು ನೋಡಿಕೊಂಡವರು ಯಾರು? ಓದಿದ ಸೊಸೆ ಇರುವ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ ಇದು.

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ತಂದೆ ತಾಯಿ ಇಬ್ಬರೂ ಶಿಕ್ಷಕರು. ಹತ್ತು ವರ್ಷದವರಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಕ್ಕ ಬ್ರೋನ್ಯಾ ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಲೆಂದು ಮೇರಿ ಉಳ್ಳವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳಿ ಹಣ ಕಳಿಸಿದರು. ತಮ್ಮ ಸರದಿ ಬಂದದ್ದು 1891ರಲ್ಲಿ. 1895ರಲ್ಲಿ ವಿಜ್ಞಾನಿ ಪಿಯರೆ ಕ್ಯೂರಿಯವರೊಡನೆ ಮದುವೆಯಾಯಿತು.

1897ರ ಸೆಪ್ಟೆಂಬರ್ 12ರಂದು ಹಿರಿಯ ಮಗಳು ಐರೀನ್ ಹುಟ್ಟಿದಳು. ಅದಾದ ಕೆಲವೇ ವಾರಗಳಲ್ಲಿ ಪಿಯರೆಯ ತಾಯಿ ತೀರಿಹೋದರು. ಒಂಟಿಯಾದ ಮಾವ, ಡಾಕ್ಟರ್ ಯೂಜೀನ್ ಕ್ಯೂರಿ, ಮಗನ ಮನೆಗೆ ಬಂದು ಮೊಮ್ಮಗಳ ಜವಾಬ್ದಾರಿ ವಹಿಸಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಮೇರಿ ಡಾಕ್ಟರೇಟ್‌ಗಾಗಿ ಸಂಶೋಧನೆ ಆರಂಭಿಸಿದರು. ಮರುವರ್ಷ, 1898ರಲ್ಲಿ, ಪೊಲೋನಿಯಂ ಮತ್ತು ರೇಡಿಯಂ ಎರಡೂ ಪತ್ತೆಯಾದವು! ಮಾವನವರ ಹೆಸರು ಯಾವ ಪ್ರಶಸ್ತಿಪತ್ರದಲ್ಲೂ ಇಲ್ಲ. ಇರಬೇಕಿತ್ತು ಎಂದು ನನಗನಿಸುತ್ತದೆ.

ಹಾಗೆಂದು ತಾಯಿ ಮಗುವನ್ನು ಮರೆತಿರಲಿಲ್ಲ. ಐರೀನಳ ತೂಕ, ಆಹಾರ, ಮೂಡಿದ ಹಲ್ಲು ಎಲ್ಲವನ್ನೂ ಪ್ರಯೋಗದ ಅಂಕಿಅಂಶಗಳಷ್ಟೇ ಶ್ರದ್ಧೆಯಿಂದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೆಲವೊಮ್ಮೆ ದಾದಿ ಮಗುವನ್ನು ಎಲ್ಲಿ ಕಳೆದುಬಿಟ್ಟಳೋ ಎಂಬ ಭಯ ಹತ್ತಿ, ಕೆಲಸ ಬಿಟ್ಟು ಉದ್ಯಾನಕ್ಕೆ ಓಡುತ್ತಿದ್ದರಂತೆ. ಹಗಲೆಲ್ಲ ಸೋರುವ ಮಾಡಿನ ಶೆಡ್ಡಿನಲ್ಲಿ ಅದಿರು ಕುದಿಸುವುದು, ಸಂಜೆ ಮಗುವಿಗೆ ಸ್ನಾನ ಮಾಡಿಸಿ ಮಲಗಿಸುವುದು. ಟನ್ನುಗಟ್ಟಲೆ ಅದಿರಿನಿಂದ 1902ರಲ್ಲಿ ದೊರೆತದ್ದು ಗ್ರಾಮಿನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್.

ರೇಡಿಯಂ ಚರ್ಮವನ್ನು ಸುಡುತ್ತದೆಂದು ಪಿಯರೆ ತಮ್ಮ ತೋಳಿನ ಮೇಲೆಯೇ ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದರು. ಸುಡುವ ಈ ಗುಣವನ್ನೇ ವೈದ್ಯರು ಗೆಡ್ಡೆಗಳ ಮೇಲೆ ಬಳಸತೊಡಗಿದರು. ಫ್ರಾನ್ಸಿನಲ್ಲಿ ಆ ಚಿಕಿತ್ಸೆಗೆ ಕ್ಯೂರಿಯವರ ಹೆಸರೇ ಬಂತು. ರೇಡಿಯಂ ತೆಗೆಯುವ ವಿಧಾನಕ್ಕೆ ದಂಪತಿಗಳು ಪೇಟೆಂಟ್ ಪಡೆಯಲಿಲ್ಲ.

1904ರ ಡಿಸೆಂಬರಿನಲ್ಲಿ ಈವ್ ಹುಟ್ಟಿದಳು. ಅವಳಿಗೆ ಹದಿನಾರು ತಿಂಗಳಾಗಿದ್ದಾಗ, 1906ರ ಏಪ್ರಿಲ್ 19ರಂದು, ಪಿಯರೆ ರಸ್ತೆಯಲ್ಲಿ ಕುದುರೆ ಬಂಡಿಗೆ ಸಿಕ್ಕಿ ಮೃತಪಟ್ಟರು. ಸರಕಾರ ಕೊಡಬಯಸಿದ ಪಿಂಚಣಿಯನ್ನು ಮೇರಿ ನಿರಾಕರಿಸಿದರು. ದುಡಿದು ಮಕ್ಕಳನ್ನು ಸಾಕುವ ಶಕ್ತಿ ತಮಗಿದೆ ಎಂಬುದು ಅವರ ನಿಲುವು. ಅದೇ ನವೆಂಬರ್ 5ರಂದು ಗಂಡನ ಸ್ಥಾನದಲ್ಲಿ ನಿಂತು ಸೋರ್ಬಾನ್‌ನಲ್ಲಿ ಪಾಠ ಆರಂಭಿಸಿದರು. ಅಲ್ಲಿ ಪಾಠ ಹೇಳಿದ ಮೊದಲ ಮಹಿಳೆ ಅವರೇ. ಮಾವ ಸೊಸೆಯನ್ನು ಬಿಟ್ಟು ಹೋಗಲಿಲ್ಲ. 1910ರಲ್ಲಿ ತೀರಿಕೊಳ್ಳುವವರೆಗೂ ಮೊಮ್ಮಕ್ಕಳಿಗೆ ಆಸರೆಯಾಗಿದ್ದರು.

ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಕ್ಕಳನ್ನು ದಿನವಿಡೀ ತರಗತಿಯಲ್ಲಿ ಕೂಡಿಹಾಕುವುದು ಮೇರಿಗೆ ಹಿಡಿಸುತ್ತಿರಲಿಲ್ಲ. 1907ರ ಸುಮಾರಿಗೆ ಗೆಳೆಯರಾದ ಪ್ರಾಧ್ಯಾಪಕರೊಡನೆ ಸೇರಿ, ಹತ್ತರಷ್ಟು ಮಕ್ಕಳಿಗೆ ತಾವೇ ಸರದಿಯಂತೆ ಕಲಿಸುವ ಏರ್ಪಾಡು ಮಾಡಿದರು. ಜೀನ್ ಪೆರಿನ್ ರಸಾಯನಶಾಸ್ತ್ರ, ಪಾಲ್ ಲಾಂಜವಿನ್ ಗಣಿತ, ಮೇರಿ ಭೌತಶಾಸ್ತ್ರ. ಸೈಕಲ್ಲಿನ ಬಾಲ್ಸ್‌ಗಳನ್ನು ಶಾಯಿಯಲ್ಲಿ ಅದ್ದಿ ಇಳಿಜಾರಿನಲ್ಲಿ ಉರುಳಿಸಿ, ಬೀಳುವ ವಸ್ತುಗಳ ನಿಯಮ ತೋರಿಸುತ್ತಿದ್ದರು. ಪಾತ್ರೆಯಲ್ಲಿನ ಬಿಸಿ ಆರದಂತೆ ಏನು ಮಾಡಬೇಕೆಂದಾಗ ಮಕ್ಕಳು ಉಣ್ಣೆ ಸುತ್ತುವುದು ಮುಂತಾದ ಜಾಣ ಉಪಾಯಗಳನ್ನು ಹೇಳಿದರಂತೆ. ಮೊದಲು ಮುಚ್ಚಳ ಹಾಕಿ ಎಂದರು ಮೇರಿ! ಈ ಶಾಲೆ ನಡೆದದ್ದು ಎರಡೇ ವರ್ಷ.

ಎಲ್ಲವೂ ಸರಿದೂಗಿತು ಎನ್ನಲಾಗದು. ಪತಿಯ ಮರಣದ ನಂತರ ಮಕ್ಕಳೆದುರು ಅವರ ಮಾತನ್ನೇ ಮೇರಿ ಎತ್ತುತ್ತಿರಲಿಲ್ಲ. 1911ರ ಕೊನೆಯಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಕ್ಕಳಿಂದ ದೂರವಿದ್ದರು. ತಾಯಿ ಎಷ್ಟು ಪ್ರಯತ್ನಿಸಿದರೂ ತನ್ನ ಬಾಲ್ಯ ಸುಖವಾಗಿರಲಿಲ್ಲವೆಂದು ಈವ್ 1937ರಲ್ಲಿ ಬರೆದ ತಾಯಿಯ ಜೀವನಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಬೇಲಿ ಹಾಕಿದಂತೆ ಮನೆ ಒಂದು ಕಡೆ, ಕೆಲಸ ಒಂದು ಕಡೆ ಇಟ್ಟವರಲ್ಲ ಮೇರಿ. ಅದರ ಬೆಲೆಯನ್ನು ಕಿರಿಯ ಮಗಳು ಹೆಚ್ಚು ತೆತ್ತಂತೆ ಕಾಣುತ್ತದೆ.

ಮಹಾಯುದ್ಧದಲ್ಲಿ ಐರೀನ್ ಹದಿಹರೆಯದಲ್ಲೇ ತಾಯಿಯ ಜೊತೆ ಗಾಯಾಳು ಸೈನಿಕರಿಗೆ ಎಕ್ಸ್‌ರೇ ತೆಗೆಯಲು ಹೋದಳು. ಯುದ್ಧದ ಬಳಿಕ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ ಮೇರಿಯ ಪ್ರಯೋಗಾಲಯದ ಪಕ್ಕದಲ್ಲೇ ಡಾ. ಕ್ಲಾಡಿಯಸ್ ರೆಗೋ ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆ ನಡೆಸಿದರು. 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಕೊಟ್ಟ ಒಂದು ಗ್ರಾಂ ರೇಡಿಯಂ ತರಲು ಮೇರಿ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದೊಯ್ದರು. 1932ರಲ್ಲಿ ವಾರ್ಸಾದಲ್ಲಿಯೂ ರೇಡಿಯಂ ಸಂಸ್ಥೆ ತೆರೆಯಿತು. ಅದರ ಹೊಣೆ ಹೊತ್ತವರು, ತಂಗಿಯ ಗಳಿಕೆಯಲ್ಲಿ ಡಾಕ್ಟರಾದ ಅದೇ ಅಕ್ಕ ಬ್ರೋನ್ಯಾ.

1934ರ ಜುಲೈ 4ರಂದು ಮೇರಿ ರಕ್ತಹೀನತೆಯ ತೀವ್ರ ಕಾಯಿಲೆಯಿಂದ ನಿಧನರಾದರು. ದೀರ್ಘಕಾಲ ಮೈಗೆ ತಾಗಿದ ವಿಕಿರಣವೇ ಅದಕ್ಕೆ ಕಾರಣವೆನ್ನಲಾಗಿದೆ. ಅದೇ ವರ್ಷದ ಆರಂಭದಲ್ಲಿ ಐರೀನ್ ಮತ್ತು ಅಳಿಯ ಫ್ರೆಡರಿಕ್ ಜೋಲಿಯೊ ಕೃತಕ ವಿಕಿರಣಶೀಲತೆಯನ್ನು ಸಾಧಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮರುವರ್ಷ ಆ ಇಬ್ಬರಿಗೂ ನೊಬೆಲ್ ಬಂದಾಗ ಐರೀನ್ ಕೂಡ ಎರಡು ಮಕ್ಕಳ ತಾಯಿ. ದೊಡ್ಡವಳು ಹೆಲೆನ್‌ಗೆ ಎಂಟು ವರ್ಷ, ಚಿಕ್ಕವನು ಪಿಯರೆಗೆ ಮೂರು.