ಪಗನೀನಿಯ ಮೊದಲ ವಾದ್ಯ

ಪಿಟೀಲು ವಾದನದಲ್ಲಿ ಜಗತ್ಪ್ರಸಿದ್ಧನಾದ ನಿಕೊಲೊ ಪಗನೀನಿಯು 1782ನೆಯ ಇಸವಿಯಲ್ಲಿ ಇಟಲಿ ದೇಶದ ಜಿನೋವಾ ಪಟ್ಟಣದಲ್ಲಿ ಜನಿಸಿದನು. ಆತನ ಕೈಗೆ ಮೊದಲು ಬಂದ ವಾದ್ಯವು ಪಿಟೀಲಲ್ಲ, ಮ್ಯಾಂಡೊಲಿನ್. ಬಂದರಿನಲ್ಲಿ ಅಲ್ಪ ವ್ಯಾಪಾರದಿಂದ ಜೀವಿಸುತ್ತಿದ್ದ ತಂದೆ ಅಂತೋನಿಯೊ ಮ್ಯಾಂಡೊಲಿನ್ ನುಡಿಸಬಲ್ಲವನಾಗಿದ್ದು, ಐದು ವರ್ಷದ ಮಗನಿಗೆ ಅದನ್ನು ಕಲಿಸತೊಡಗಿದನು.

ಆ ವಾದ್ಯವು ಚಿಕ್ಕದಾದರೂ ಹೊಸಬರಿಗೆ ಸುಲಭವಲ್ಲ. ಜೋಡಿ ತಂತಿಗಳೆರಡನ್ನೂ ಒಂದೇ ಬೆರಳಿನಿಂದ ಸಮನಾಗಿ ಒತ್ತಬೇಕು. ಬಲಗೈಯ ಮೀಟು ಎಡಗೈಯ ಬೆರಳಿನೊಡನೆ ಒಂದೇ ಕ್ಷಣದಲ್ಲಿ ಕೂಡಬೇಕು. ಎಳೆಯ ಬೆರಳ ತುದಿಗಳು ನೋಯದೆ ಇರವು. ತಂದೆಯಾದರೋ ಬಹು ನಿಷ್ಠುರನು. ಅಭ್ಯಾಸ ಸಾಲದೆಂದು ತೋರಿದರೆ ತನ್ನನ್ನು ಹಸಿವಿನಲ್ಲಿರಿಸುತ್ತಿದ್ದನೆಂದು ಪಗನೀನಿಯೇ ಮುಂದೆ ಹೇಳಿಕೊಂಡನು.

ಏಳನೆಯ ವಯಸ್ಸಿನಲ್ಲಿ ಬಾಲಕನು ಪಿಟೀಲನ್ನು ಹಿಡಿದನು. 1795ರಲ್ಲಿ ಹೆಚ್ಚಿನ ಶಿಕ್ಷಣಕ್ಕಾಗಿ ಪಾರ್ಮಾ ಪಟ್ಟಣಕ್ಕೆ ಹೋದನು. ಆತನ 24 ಪಿಟೀಲು ಕೃತಿಗಳ ಸಂಗ್ರಹವು 1820ರಲ್ಲಿ ಅಚ್ಚಾಯಿತು. 1828ರಲ್ಲಿ ವಿಯೆನ್ನಾ, 1831ರಲ್ಲಿ ಪ್ಯಾರಿಸ್ ಮತ್ತು ಲಂಡನ್ ನಗರಗಳು ಆತನ ವಾದನಕ್ಕೆ ಬೆರಗಾದವು. ಪಿಶಾಚಿಯ ಸಹಾಯದಿಂದ ನುಡಿಸುವನೆಂದು ಜನರು ಪಿಸುಗುಟ್ಟಿದರು. ಬಾಲ್ಯದ ದೀರ್ಘ ಅಭ್ಯಾಸವನ್ನು ಅವರು ಕಂಡಿರಲಿಲ್ಲ.

ಆದರೂ ಒಂದು ಸಂಗತಿಯು ಗಮನಿಸತಕ್ಕದ್ದು. 1825ರಲ್ಲಿ ಹುಟ್ಟಿದ ತನ್ನ ಮಗ ಅಖಿಲ್ಲೆಯನ್ನು ಪಗನೀನಿಯು ಪ್ರವಾಸಗಳಲ್ಲಿ ಜೊತೆಗಿಟ್ಟುಕೊಂಡು ಬಹು ಮಮತೆಯಿಂದ ಸಾಕಿದನು. ತಾನುಂಡ ಕಹಿಯನ್ನು ಮಗನಿಗೆ ಉಣಿಸಲಿಲ್ಲ. 1840ರಲ್ಲಿ ನೀಸ್ ಪಟ್ಟಣದಲ್ಲಿ ಮೃತನಾದಾಗ ತನ್ನ ಪ್ರಿಯ ಪಿಟೀಲನ್ನು ಹುಟ್ಟೂರಿಗೇ ಬಿಟ್ಟುಹೋದನು.

ಮನೆಯಲ್ಲಿ ಮಕ್ಕಳನ್ನು ವಾದ್ಯದ ಮುಂದೆ ಕೂರಿಸುವ ತಾಯಿತಂದೆಗಳೇ, ಅಂತೋನಿಯೊವಿನಿಂದ ನಿತ್ಯಾಭ್ಯಾಸದ ಕ್ರಮವನ್ನು ಕಲಿಯೋಣ. ಮಗುವಿನ ಊಟದ ತಟ್ಟೆಯನ್ನು ಮಾತ್ರ ಎಂದಿಗೂ ಸರಿಸದಿರೋಣ.