ಗುಸ್ತಾವ್ ಲ ಗ್ರೇ

ಗುಸ್ತಾವ್ ಲ ಗ್ರೇ (30 ಆಗಸ್ಟ್ 1820 – 30 ಜುಲೈ 1884) ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಛಾಯಾಗ್ರಾಹಕ, ಚಿತ್ರಕಲಾವಿದ ಹಾಗೂ ಶಿಕ್ಷಕ. ನಿಸರ್ಗದೃಶ್ಯಗಳ ಛಾಯಾಗ್ರಹಣದಲ್ಲಿ ಬೆಳಕಿನ ಮೂಲಕ ಭಾವವನ್ನು ಮೂಡಿಸಿದ ಆರಂಭಕಾಲದ ಪ್ರಮುಖರಲ್ಲಿ ಇವರೂ ಒಬ್ಬರು. 1856–57ರ ಕಡಲ ಚಿತ್ರಗಳು ಇವರಿಗೆ ಅಪಾರ ಕೀರ್ತಿಯನ್ನು ತಂದವು.

ಆರಂಭಿಕ ಜೀವನ

ಲ ಗ್ರೇ ಅವರು ಪ್ಯಾರಿಸ್ ಸಮೀಪದ ವಿಲಿಯೇ-ಲ-ಬೆಲ್ ಎಂಬಲ್ಲಿ ಜನಿಸಿದರು. ಚಿತ್ರಕಾರ ಪೌಲ್ ದೆಲಾರೋಶ್ ಅವರಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿ, ಕೆಲಕಾಲ ಇಟಲಿಯಲ್ಲಿ ನೆಲೆಸಿದ್ದರು. ಪ್ಯಾರಿಸ್‌ಗೆ ಮರಳಿದ ಬಳಿಕ ಛಾಯಾಗ್ರಹಣದತ್ತ ಹೊರಳಿದರು. ಶಾರ್ಲ್ ನೆಗ್ರ್, ಆಂರಿ ಲ ಸೆಕ್ ಮೊದಲಾದವರು ಇವರಲ್ಲಿ ಈ ವಿದ್ಯೆಯನ್ನು ಕಲಿತರು.

ಮೇಣಗಾಗದದ ವಿಧಾನ

1851ರಲ್ಲಿ ಲ ಗ್ರೇ ಅವರು ಮೇಣಗಾಗದದ ನೆಗೆಟಿವ್ ವಿಧಾನವನ್ನು ಪ್ರಕಟಿಸಿದರು. ರಾಸಾಯನಿಕ ಲೇಪನಕ್ಕೆ ಮುನ್ನವೇ ಕಾಗದಕ್ಕೆ ಮೇಣವನ್ನು ಹೀರಿಸುವುದರಿಂದ ಅದರ ನಾರು ಮರೆಯಾಗಿ ಸೂಕ್ಷ್ಮ ವಿವರಗಳು ಸ್ಪಷ್ಟವಾಗುತ್ತಿದ್ದವು. ಸಿದ್ಧಪಡಿಸಿದ ಕಾಗದವನ್ನು ಹಲವು ದಿನ ಇರಿಸಿಕೊಳ್ಳಬಹುದಾಗಿದ್ದುದರಿಂದ ಪ್ರವಾಸಿಗಳಿಗೆ ಇದು ವರದಾನವಾಯಿತು. ಅದೇ ವರ್ಷ ಫ್ರಾನ್ಸಿನ ಪ್ರಾಚೀನ ಸ್ಮಾರಕಗಳನ್ನು ದಾಖಲಿಸಲು ಸರ್ಕಾರ ನೇಮಿಸಿದ ಐವರು ಛಾಯಾಗ್ರಾಹಕರಲ್ಲಿ ಇವರೂ ಒಬ್ಬರಾಗಿದ್ದರು. ಫೊಂತೆನ್‌ಬ್ಲೋ ಅರಣ್ಯದ ಮರಗಳನ್ನೂ ಅವುಗಳ ನಡುವಿನ ನೆರಳು ಬೆಳಕನ್ನೂ ಇವರು ಸೆರೆಹಿಡಿದರು.

ಕಡಲ ಚಿತ್ರಗಳು

ಅಂದಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಆದ್ದರಿಂದ ನೆಲಕ್ಕೆ ಅಥವಾ ನೀರಿಗೆ ಸಾಕಾಗುವಷ್ಟು ಬೆಳಕನ್ನು ಒದಗಿಸಿದರೆ ಆಕಾಶವು ಮೋಡಗಳಿಲ್ಲದ ಬಿಳಿಯ ಹಾಳೆಯಂತಾಗುತ್ತಿತ್ತು. ಲ ಗ್ರೇ ಅವರು ಕೆಲವು ಚಿತ್ರಗಳಲ್ಲಿ ಆಕಾಶಕ್ಕೂ ಕಡಲಿಗೂ ಬೇರೆ ಬೇರೆ ಗಾಜಿನ ನೆಗೆಟಿವ್‌ಗಳನ್ನು ತೆಗೆದು, ಕ್ಷಿತಿಜದ ರೇಖೆಯಲ್ಲಿ ಅವುಗಳನ್ನು ಜೋಡಿಸಿ ಒಂದೇ ಚಿತ್ರವಾಗಿ ಮುದ್ರಿಸಿದರು. ಸೆತ್ ಬಂದರಿನಲ್ಲಿ ತೆಗೆದ 'ಮಹಾ ಅಲೆ' (1857) ಈ ಬಗೆಯದು. ಒಂದೇ ಆಕಾಶವನ್ನು ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಬಳಸಿದ್ದೂ ಉಂಟು. 1856ರ ಹಾಯಿಹಡಗಿನ ಚಿತ್ರವಾದರೋ ಒಂದೇ ನೆಗೆಟಿವ್‌ನಿಂದ ಮೂಡಿದ್ದು. ಹಗಲಿನಲ್ಲಿಯೇ ತೆಗೆದ ಇದನ್ನು ಅನೇಕರು ಬೆಳದಿಂಗಳ ದೃಶ್ಯವೆಂದು ಭಾವಿಸಿದರು. ಕ್ಷಣಾರ್ಧದ ಅಲೆಯನ್ನು ಹಿಡಿಯುವ ಕೌಶಲವೂ, ಮುದ್ರಣದಲ್ಲಿ ಗಾಂಭೀರ್ಯವನ್ನು ತುಂಬುವ ಚಿತ್ರಕಾರನ ದೃಷ್ಟಿಯೂ ಈ ಕೃತಿಗಳಲ್ಲಿ ಒಂದಾಗಿವೆ.

ಸಂಕಷ್ಟ ಮತ್ತು ಅಂತಿಮ ದಿನಗಳು

ಛಾಯಾಗ್ರಹಣವು ಉದ್ದಿಮೆಯಾಗದೆ ಕಲೆಯಾಗಿ ಬೆಳೆಯಬೇಕೆಂಬುದು ಲ ಗ್ರೇ ಅವರ ಆಶಯವಾಗಿತ್ತು. ಆದರೆ ಅಗ್ಗದ ಚಿಕ್ಕ ಭಾವಚಿತ್ರಗಳಿಗೆ ಬೇಡಿಕೆ ಹೆಚ್ಚಿದ ಕಾಲದಲ್ಲಿ ಅವರ ವೈಭವದ ಸ್ಟುಡಿಯೋ ನಷ್ಟಕ್ಕೊಳಗಾಗಿ 1860ರಲ್ಲಿ ಮುಚ್ಚಿಹೋಯಿತು. ಹೆಂಡತಿ ಮಕ್ಕಳನ್ನು ಬಿಟ್ಟು ಅವರು ಕಾದಂಬರಿಕಾರ ಅಲೆಕ್ಸಾಂದ್ರ್ ದ್ಯುಮಾ ಅವರೊಡನೆ ಹಡಗೇರಿದರು. ಪಲೆರ್ಮೋ ನಗರದಲ್ಲಿ ಗ್ಯಾರಿಬಾಲ್ಡಿಯ ಭಾವಚಿತ್ರವನ್ನು ತೆಗೆದರು. ಬಳಿಕ ದ್ಯುಮಾ ಅವರೊಡನೆ ಮನಸ್ತಾಪವುಂಟಾಗಿ ಮಾಲ್ಟಾದಲ್ಲಿ ಇಳಿಯಬೇಕಾಯಿತು. ಮುಂದೆ ಈಜಿಪ್ಟಿನಲ್ಲಿ ನೆಲೆಸಿ ಚಿತ್ರಕಲೆಯನ್ನು ಬೋಧಿಸುತ್ತ ಜೀವನ ಸಾಗಿಸಿದರು. ಸ್ವದೇಶಕ್ಕೆ ಮರಳದೆ ಕೈರೋದಲ್ಲಿಯೇ ನಿಧನರಾದರು.

ಪರಂಪರೆ

ಬಹುಕಾಲ ಮರೆವಿಗೆ ಸಂದಿದ್ದ ಇವರ ಕೃತಿಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಮನ್ನಣೆ ದೊರೆಯಿತು. 1999ರಲ್ಲಿ 'ಮಹಾ ಅಲೆ'ಯ ಒಂದು ಪ್ರತಿಯು ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಮಾರಾಟವಾಗಿ ಅಂದಿನ ದಾಖಲೆಯನ್ನು ಸ್ಥಾಪಿಸಿತು.