ಮಾತೃಶ್ರೀ ವಾಣೀವಿಲಾಸ ಸನ್ನಿಧಾನದವರು

ರಾಯದುರ್ಗದ ಸೀಮೆಯವರಾದ ನಮಗೆ ಹಗರಿಯು ಮನೆಯ ಹೊಳೆ. ಹಿರಿಯೂರಿನ ಕಡೆ ವೇದಾವತಿ ಎನಿಸಿಕೊಳ್ಳುವ ನದಿಯೇ ಗಡಿಯನ್ನು ದಾಟಿ ನಮ್ಮಲ್ಲಿಗೆ ಹಗರಿಯಾಗಿ ಬರುತ್ತದೆ. ಭೈರವಾನಿತಿಪ್ಪೆಯ ಅಣೆಕಟ್ಟನ್ನು ಸೇರುತ್ತದೆ. ಇದೇ ನದಿಗೆ ಮೇಲೆ ಮಾರಿಕಣಿವೆಯಲ್ಲಿ ಕಟ್ಟಿದ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಹೆಸರು. ಅದು ಯಾರ ಹೆಸರೆಂದು ನಮ್ಮ ಮಕ್ಕಳು ಕೇಳಿದರೆ ಉತ್ತರ ಹೇಳಲು ನಾವು ಸಿದ್ಧರಿರಬೇಕು. ಅದು ಒಬ್ಬ ತಾಯಿಯ ಹೆಸರು.

ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಕಳಲೆಯ ಅರಸು ಮನೆತನದಲ್ಲಿ ಜನಿಸಿದರು. 1878ರಲ್ಲಿ ಚಾಮರಾಜೇಂದ್ರ ಒಡೆಯರ ಕೈಹಿಡಿದರು. ಮೂವರು ಹೆಣ್ಣುಮಕ್ಕಳೂ ಇಬ್ಬರು ಗಂಡುಮಕ್ಕಳೂ ಬೆಳೆಯುತ್ತಿದ್ದ ಆ ಸಂಸಾರದ ಮೇಲೆ 1894ರ ಡಿಸೆಂಬರಿನಲ್ಲಿ ಸಿಡಿಲೆರಗಿತು. ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲಮಾರಿ ರೋಗಕ್ಕೆ ತುತ್ತಾಗಿ 28ನೆಯ ತಾರೀಖು ಅಲ್ಲಿಯೇ ತೀರಿಕೊಂಡರು. ಅವರಿಗಿನ್ನೂ 31 ವರ್ಷ, ಮಹಾರಾಣಿಯವರಿಗೆ 28, ಪಟ್ಟಕ್ಕೆ ಬರಬೇಕಾದ ಹಿರಿಯ ಮಗ ಕೃಷ್ಣರಾಜನಿಗೆ ಹತ್ತು.

ಆ ಹೊತ್ತಿನ ಕಷ್ಟವು ಮನೆಯದು ಮಾತ್ರವಾಗಿರಲಿಲ್ಲ. 1831ರಿಂದ ಐವತ್ತು ವರ್ಷ ಇಂಗ್ಲಿಷರ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು 1881ರಲ್ಲಿ ತಾನೇ ಅರಸು ಮನೆತನಕ್ಕೆ ಮರಳಿತ್ತು. ಅರಸನಿಲ್ಲದ ಕಾಲದಲ್ಲಿ ಆಡಳಿತ ಕೆಟ್ಟಿದ್ದರೆ, ಹಿಂದೆ ಆದದ್ದೇ ಮತ್ತೆ ಆಗದೆಂದು ಹೇಳುವಂತಿರಲಿಲ್ಲ. ಮಹಾರಾಣಿಯವರು ತಮ್ಮ ದುಃಖವನ್ನು ನುಂಗಿಕೊಂಡು, 1895ರಿಂದ ಮಗನ ಪರವಾಗಿ ರೀಜೆಂಟರಾಗಿ ರಾಜ್ಯಭಾರವನ್ನು ಹೊತ್ತರು. ದಿವಾನ್ ಶೇಷಾದ್ರಿ ಅಯ್ಯರ್‌ ಅವರೂ ಸಲಹಾ ಮಂಡಲಿಯೂ ನೆರವಿಗೆ ಇದ್ದರು. ಒಂದು ಕಡೆ ತಂದೆಯಿಲ್ಲದ ಮಕ್ಕಳ ವಿದ್ಯೆ, ಮದುವೆ. ಮತ್ತೊಂದು ಕಡೆ ಇಡೀ ಸೀಮೆಯ ಹಿತ. ಎರಡನ್ನೂ ಅವರು ಸರಿದೂಗಿಸಬೇಕಾಯಿತು.

ಪರೀಕ್ಷೆಗಳು ಒಂದರ ಹಿಂದೊಂದು ಬಂದವು. 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿಯೇ ಹಳೆಯ ಅರಮನೆಗೆ ಬೆಂಕಿ ಬಿದ್ದಿತು. ಹೊಸ ಅರಮನೆಯ ಕೆಲಸವು ಅದೇ ವರ್ಷ ಆರಂಭವಾಯಿತು. 1898ರಲ್ಲಿ ಪ್ಲೇಗು ಬಂದು ಬೆಂಗಳೂರಿನ ಜನ ಮನೆ ಬಿಟ್ಟು ಓಡುವಂತಾಯಿತು. ಇಂತಹ ದಿನಗಳಲ್ಲಿಯೂ ನಾಳಿನ ಕೆಲಸಗಳು ನಿಲ್ಲಲಿಲ್ಲ. ಮಳೆ ಕಡಮೆಯ ನಾಡಿಗೆ ನೀರುಣಿಸುವುದಕ್ಕೆಂದು 1898ರಲ್ಲಿಯೇ ಮಾರಿಕಣಿವೆಯ ಕಟ್ಟೆಗೆ ಕೈಹಾಕಿದರು. ಅದು 1907ರಲ್ಲಿ ಪೂರೈಸಿತು. 1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು.

ಆದರೆ ನಮಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1902ರ ಆಗಸ್ಟ್ 8ನೆಯ ದಿನ. ಮಗನಿಗೆ 18 ತುಂಬಿತ್ತು. ಏಳು ವರ್ಷ ಆಳಿದ ತಾಯಿಯು ಅಂದು ಅಧಿಕಾರವನ್ನು ಮಗನಿಗೆ ಒಪ್ಪಿಸಿ ಹಿಂದಕ್ಕೆ ಸರಿದರು. ಅಧಿಕಾರಕ್ಕಾಗಿ ಮನೆಗಳು ಒಡೆದ ಕಥೆಗಳು ಅರಸರ ಚರಿತ್ರೆಯಲ್ಲಿ ಕಡಮೆಯಿಲ್ಲ. ಇಲ್ಲಿ ತಾಯಿ ಅದನ್ನು ಮಗನ ಒಡವೆಯೆಂದು ತಿಳಿದು ಕಾಪಾಡಿದರು. ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಪಡೆದ ಕೀರ್ತಿಯ ಬುಡದಲ್ಲಿ ಈ ತಾಯಿಯ ಕಾವಲಿದೆ.

ಆಮೇಲೆ 32 ವರ್ಷ ಅವರು ಬದುಕಿದ್ದರು. ಆ ವರ್ಷಗಳೂ ಸುಖದವೇ ಆಗಿರಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿಯವರನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕ್ಷಯರೋಗ ಕೊಂಡೊಯ್ದಿತು. ಅರಮನೆಯ ಸಿರಿಯೂ ವೈದ್ಯರೂ ಆ ರೋಗವನ್ನು ತಡೆಯಲಾರದೆ ಹೋದರು. ಮಗಳನ್ನೂ ಮೊಮ್ಮಕ್ಕಳನ್ನೂ ಕಳೆದುಕೊಂಡ ಅಜ್ಜಿಯ ಅಳಲಿಗೆ ಅರಮನೆ, ಗುಡಿಸಲೆಂಬ ಭೇದವಿಲ್ಲ. ಆ ರಾಜಕುಮಾರಿಯ ನೆನಪಿಗಾಗಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಸ್ಥಾಪಿತವಾಯಿತು. ಒಂದು ಮನೆಯ ನೋವಿನಿಂದ ಸಾವಿರಾರು ಬಡಮನೆಗಳಿಗೆ ಆಸರೆ ದೊರೆಯಿತು. ಕೃಷ್ಣರಾಜರಿಗೆ ಮಕ್ಕಳಿರಲಿಲ್ಲ. ಕಿರಿಯ ಮಗ ಕಂಠೀರವ ನರಸಿಂಹರಾಜರಿಗೆ 1919ರಲ್ಲಿ ಹುಟ್ಟಿದ ಜಯಚಾಮರಾಜನೇ ವಂಶದ ಕುಡಿ. ಆ ಮೊಮ್ಮಗ 1940ರಲ್ಲಿ ಪಟ್ಟವೇರುವುದನ್ನು ಕಾಣಲು ಅಜ್ಜಿ ಇರಲಿಲ್ಲ. ಆದರೆ ಅವನ ಬಾಲ್ಯವನ್ನು ಕಣ್ತುಂಬ ಕಂಡಿದ್ದರು.

1934ರಲ್ಲಿ ಅವರು ಕಾಲವಶರಾದರು. ಮರುವರ್ಷ ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ತೆರೆದ ಆಸ್ಪತ್ರೆಯು ವಾಣೀವಿಲಾಸದ ಹೆಸರನ್ನೇ ಹೊತ್ತಿತು. ಹೆರಿಗೆಗೆಂದು ಬರುವ ಬಡ ಹೆಣ್ಣುಮಕ್ಕಳ ನಾಲಗೆಯ ಮೇಲೆ ಆ ಹೆಸರು ಇಂದಿಗೂ ಆಡುತ್ತಿದೆ.

ಮಾರಿಕಣಿವೆಯ ನೀರು 130 ಅಡಿಯ ಮಟ್ಟವನ್ನು ಮೀರಿದರೆ ಕೋಡಿ ಬೀಳುತ್ತದೆ. 1933ರಲ್ಲಿ, ಆ ತಾಯಿ ಬದುಕಿದ್ದಾಗಲೇ, ಕೋಡಿ ಬಿದ್ದಿತ್ತು. ಅನಂತರ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ನಮ್ಮ ಹಿರಿಯರು ಮೈಸೂರಿನ ಪ್ರಜೆಗಳಾಗಿರಲಿಲ್ಲ. ಆದರೂ ಗಡಿಯ ಗೆರೆಯು ಹೊಳೆಗೆ ಗೊತ್ತಿಲ್ಲ, ತಾಯಿಯ ನೆನಪಿಗೂ ಗೊತ್ತಿಲ್ಲ. ಒಪ್ಪಿಸಿದ್ದನ್ನು ಕಾಪಾಡಿ, ಬೆಳೆಸಿ, ಮುಂದಿನವರ ಕೈಗೆ ಕೊಟ್ಟುಹೋದ ಆ ಮಾತೃಶ್ರೀಯವರ ಬಾಳು, ನುಡಿಯನ್ನು ಮಕ್ಕಳ ಕೈಗೊಪ್ಪಿಸಬೇಕಾದ ನಮ್ಮ ಮನೆಮನೆಯ ತಾಯಂದಿರಿಗೂ ಅಜ್ಜಿಯರಿಗೂ ದಾರಿದೀಪವಾಗಲೆಂದು ನಾವು ಹಾರೈಸುತ್ತೇವೆ.